ನಗರ ಭಜನೆಯ ಕೊನೆಯ ಮನೆ

ಮೊನ್ನೆ ನಮ್ಮೂರ ಭಜನಾ ಮಂದಿರದ ವಾರ್ಷಿಕೋತ್ಸವದ ಮೀಟಿಂಗಿನಲ್ಲಿ ಒಬ್ಬರು ಹೇಳಿದರು, "ಈ ಸಲವೂ ಒಬ್ಬ ಯೋಧರಿಗೆ ಸನ್ಮಾನ ಇಟ್ಟುಕೊಳ್ಳುವ." ಎಲ್ಲರೂ ಹೂಂ ಅಂದರು. ನಾನು ಎದ್ದು ನಿಂತೆ. ಹೇಳಬೇಕಾದದ್ದರ ಅರ್ಧವೂ ಬಾಯಿಗೆ ಬರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಿಲಿಟರಿಯವರ ಮಗಳು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಹೋದರೆ ನಮ್ಮ ಮನೆ. ಅಪ್ಪ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದರು. ವರ್ಷಕ್ಕೆ ಎರಡು ತಿಂಗಳ ದೊಡ್ಡ ರಜೆ. ಅದರಲ್ಲೂ ರೈಲಿನಲ್ಲಿ ಕಳೆದ ದಿನಗಳಿರುತ್ತಿದ್ದವು. ಅಪ್ಪನ ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ನಂಬರು, ಹೆಸರು, ಯೂನಿಟ್, ಕೊನೆಗೆ "56 ಎಪಿಒ". ಸೈನ್ಯದ ಅಂಚೆ ಹಾಗೆಯೇ, ಯಾರು ಎಲ್ಲಿದ್ದಾರೆಂದು ಹೊರಗಿನವರಿಗೆ ಗೊತ್ತಾಗಬಾರದು. ಆದರೆ "56 ಎಪಿಒ ಅಂದರೆ ಎಲ್ಲಿ?" ಎಂದು ನಾನು ಕೇಳಿದಾಗ ಅಮ್ಮ ಉತ್ತರದ ಗುಡ್ಡೆಯ ಕಡೆ ಕೈ ತೋರಿಸಿ ಬೀಡಿ ಕಟ್ಟುವುದನ್ನು ಮುಂದುವರಿಸುತ್ತಿದ್ದರು.

1999ರ ಮಳೆಗಾಲ ನನಗೆ ಚೆನ್ನಾಗಿ ನೆನಪಿದೆ. ಕಾರ್ಗಿಲ್ ಯುದ್ಧ ಜುಲೈ 26ರವರೆಗೂ ನಡೆಯಿತು. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ರಸ್ತೆ ಬದಿಯ ಜೀನಸಿನ ಅಂಗಡಿಯಲ್ಲಿ ಇತ್ತು. ಅಂಗಡಿಯ ಇಚ್ಚ ಮೊದಲೆಲ್ಲ ಎಂಟು ಗಂಟೆಗೆ ಬಾಗಿಲು ಹಾಕುವವರು. ಆ ಎರಡು ತಿಂಗಳು ಇಶಾ ನಮಾಜು ಮುಗಿಸಿ ಬಂದು ಪುನಃ ಹಲಗೆ ತೆಗೆದು ಲಾಟೀನು ಹಚ್ಚಿಟ್ಟು ಕೂತಿರುತ್ತಿದ್ದರು. ರಾತ್ರಿ ಹೊತ್ತು ಎಸ್‌ಟಿಡಿಗೆ ದುಡ್ಡು ಕಡಿಮೆ, ಅಪ್ಪನ ಕರೆ ಬಂದರೆ ಆಗಲೇ ಬರಬೇಕು. ಬಂದಾಗ ಮಗನ ಕೈಗೆ ಟಾರ್ಚ್ ಕೊಟ್ಟು ನಮ್ಮಲ್ಲಿಗೆ ಓಡಿಸುತ್ತಿದ್ದರು. ಬಾರದ ದಿನವೂ ಹುಡುಗ ಬರುತ್ತಿದ್ದ. ಅಂಗಳದಲ್ಲಿ ನಿಂತು "ಇವತ್ತು ಬರಲಿಲ್ಲ, ನಾಳೆ ಬಂದೀತು ಅಂತ ಉಪ್ಪ ಹೇಳಿದ್ದಾರೆ" ಎಂದು ಹೇಳಿ ಹೋಗುತ್ತಿದ್ದ. ಅಷ್ಟು ಹೇಳುವುದಕ್ಕಾಗಿ ಆ ಮಳೆಯಲ್ಲಿ ತೋಡು ದಾಟಿ ಬರುತ್ತಿದ್ದ! ಶುಕ್ರವಾರ ಭಜನೆ ಮುಗಿಸಿ ಬರುವಾಗ ಮಂದಿರದ ಹೆಂಗಸರು ನಮ್ಮ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡೇ ಮನೆಗೆ ಹೋಗುತ್ತಿದ್ದರು. ಯಾರೂ ಅದನ್ನು ಸೇವೆ ಅಂತ ಕರೆಯಲಿಲ್ಲ.

ಅಪ್ಪ ತೀರಿಹೋದ ಮೇಲೆ ಒಂದು ಕಡೆಯ ಸಮಾರಂಭದಲ್ಲಿ ಅಮ್ಮನಿಗೆ ಸನ್ಮಾನವಾಯಿತು. ಎರಡೂವರೆ ಗಂಟೆ ವೇದಿಕೆಯ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಶಾಲು, ಫಲಪುಷ್ಪ, ಫಲಕ, ಫೋಟೋ. ರಾತ್ರಿ ಹತ್ತು ಗಂಟೆಗೆ ಅಮ್ಮನನ್ನು ಮನೆಗೆ ಬಿಡಲು ಒಂದು ರಿಕ್ಷಾ ಗೊತ್ತುಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನನಗೆ ಬೇಜಾರಾದದ್ದು ಅವರ ಮೇಲಲ್ಲ, ಅವರ ಅಭಿಮಾನ ನಿಜವಾದದ್ದೇ. ಅಭಿಮಾನ ವೇದಿಕೆಯಿಂದ ಇಳಿದು ನಮ್ಮ ಗೇಟಿನವರೆಗೆ ಬರಲಿಲ್ಲ ಎಂದು ಬೇಜಾರು.

ಅದೇ ವರ್ಷ ಅಮ್ಮನ ಪೆನ್ಶನ್ನಿನ ಲೈಫ್ ಸರ್ಟಿಫಿಕೇಟ್ ನಿಂತಿತು. ಡಿಫೆನ್ಸ್ ಪೆನ್ಶನ್ ಎಲ್ಲ ಈಗ ಸ್ಪರ್ಶ್ ಎಂಬ ಪೋರ್ಟಲಿನಲ್ಲಿ, ವರ್ಷಕ್ಕೊಮ್ಮೆ ಬದುಕಿದ್ದೇನೆಂದು ತೋರಿಸಬೇಕು. ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಅಮ್ಮನ ಬೆರಳನ್ನು ಮೆಷಿನ್ ತೆಗೆದುಕೊಳ್ಳಲೇ ಇಲ್ಲ. ನಲವತ್ತು ವರ್ಷ ಬೀಡಿ ಸುರುಟಿದ ಬೆರಳು, ಗೆರೆಗಳೇ ಸವೆದಿದ್ದವು. ಎಣ್ಣೆ ಒರೆಸಿ, ನೀರು ಮುಟ್ಟಿಸಿ, ಹತ್ತೂ ಬೆರಳು ಒತ್ತಿಸಿ ಅಮ್ಮ ಅಳುವುದೊಂದು ಬಾಕಿ. ಕೊನೆಗೆ ಮಂದಿರದಲ್ಲಿ ತಬಲಾ ನುಡಿಸುವ ಹುಡುಗ ಮನೆಗೆ ಬಂದು ಮೊಬೈಲಿನಲ್ಲಿ ಮುಖ ತೋರಿಸಿ ಕಾಲು ಗಂಟೆಯಲ್ಲಿ ಮುಗಿಸಿದ. ಹಾಗೆ ಮುಖ ತೋರಿಸಿಯೂ ಮಾಡಬಹುದೆಂದು ನಮಗೆ ಗೊತ್ತೇ ಇರಲಿಲ್ಲ.

ಹೊರೆಕಾಣಿಕೆಗೆ ಮನೆಮನೆಯ ಲೆಕ್ಕ ಇಡುವ, ಬ್ರಹ್ಮಕಲಶಕ್ಕೆ ಸಾವಿರಾರು ಜನರ ಪಂಕ್ತಿಯನ್ನು ಗಲಾಟೆಯಿಲ್ಲದೆ ಏಳಿಸುವ ನಮ್ಮ ಹುಡುಗರಿಗೆ ಇದು ದೊಡ್ಡ ಕೆಲಸವೇ? ಬೈಲಿನಲ್ಲಿ ಮಿಲಿಟರಿಯವರ ಮನೆ ಎಷ್ಟಿದೆ, ಯಾವ ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದಾರೆ, ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಯಾರ ಕಾರು, ಇಷ್ಟು ಗೊತ್ತಿದ್ದರೆ ಸಾಕು. ಇಗರ್ಜಿಯವರಲ್ಲಿ ವಾಳೆಗೊಬ್ಬ, ಅಂದರೆ ವಾರ್ಡಿಗೊಬ್ಬ, ಗುರ್ಕಾರ ಎಂಬ ಮುಖ್ಯಸ್ಥರಿದ್ದಾರೆ, ಮಸೀದಿಯ ಜಮಾಅತಿನವರಲ್ಲಿ ತಮ್ಮ ಮಹಲ್ಲಿನ, ಅಂದರೆ ಮಸೀದಿಯ ವ್ಯಾಪ್ತಿಯ, ಪ್ರತಿ ಮನೆಯ ವಿವರ ಇರುತ್ತದೆ. ಅವರಿಗೂ ಇದು ಕಷ್ಟವಲ್ಲ. ಸೈನ್ಯದಲ್ಲಿ ಪಂಡಿತರು, ಮೌಲವಿ, ಗ್ರಂಥಿ, ಪಾದ್ರಿ ಎಲ್ಲರೂ ಧರ್ಮಗುರುಗಳಾಗಿದ್ದಾರೆ. ಎಷ್ಟೋ ಛಾವಣಿಗಳಲ್ಲಿ ಒಂದೇ ಸೂರಿನಡಿ ಸರ್ವಧರ್ಮ ಸ್ಥಳವಿದೆ. ಹಾಗಿರುವಾಗ ಊರಿನಲ್ಲಿ "ಅದು ಅವರ ಮನೆ, ಅವರವರು ನೋಡಿಕೊಳ್ಳಲಿ" ಅನ್ನುವುದು ಬೇಡ.

ಇನ್ನೊಂದು ಗೊತ್ತಿರಬೇಕು. ನಮ್ಮ ಕಣ್ಣಿಗೆ ಯೂನಿಫಾರ್ಮ್ ಹಾಕಿದವರೆಲ್ಲ ಮಿಲಿಟರಿ. ಆದರೆ ಬಿಎಸ್‌ಎಫ್, ಸಿಆರ್‌ಪಿಎಫ್‌ನವರು ಗೃಹ ಇಲಾಖೆಯ ಕೆಳಗೆ ಬರುತ್ತಾರೆ. ಮಾಜಿ ಸೈನಿಕರಿಗಿರುವ ಇಸಿಎಚ್‌ಎಸ್ ಚಿಕಿತ್ಸೆ ಅವರಿಗೆ ಇಲ್ಲ. ಅವರ ಮನೆಯವರು ಜಿಲ್ಲಾ ಸೈನಿಕ ಕಚೇರಿಗೆ ಹೋಗಿ ಬರಿಗೈಯಲ್ಲಿ ಬಂದದ್ದನ್ನು ನೋಡಿದ್ದೇನೆ. ಅಂಥ ಮನೆಗೆ ಊರೇ ಹೆಚ್ಚು ಬೇಕಾಗುತ್ತದೆ. ಮತ್ತೆ ನಾಲ್ಕೇ ವರ್ಷಕ್ಕೆಂದು ಸೈನ್ಯ ಸೇರಿದ ಅಗ್ನಿವೀರರು. 2023ರ ಆರಂಭದಲ್ಲಿ ತರಬೇತಿಗೆ ಹೋದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತದೆ. ನಿಯಮದ ಪ್ರಕಾರ ಹೆಚ್ಚೆಂದರೆ ನೂರಕ್ಕೆ 25 ಮಂದಿ ಮುಂದುವರಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ, ಪೆನ್ಶನ್ ಇಲ್ಲದೆ ಮನೆಗೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು. "ಯಾಕೆ ವಾಪಸು ಕಳಿಸಿದರು?" ಎಂದು ಜಾತ್ರೆಯ ಗದ್ದೆಯಲ್ಲಿ ಯಾರೂ ಕೇಳದಿದ್ದರೆ ಅದೇ ಒಂದು ಉಪಕಾರ.

ಕೇಳದೆ ಇರುವುದು ಎಷ್ಟು ದೊಡ್ಡದೆಂದು ನಾನು 2025ರ ಮೇ ತಿಂಗಳಲ್ಲಿ ನೋಡಿದೆ. ಆಪರೇಷನ್ ಸಿಂಧೂರದ ದಿನಗಳು, 7ರಿಂದ 10ರವರೆಗೆ. ನಮ್ಮ ಕೆಳಗಿನ ಮನೆಯ ಹುಡುಗಿಯ ಗಂಡ ಜಮ್ಮುವಿನ ಕಡೆ ಇದ್ದ. ಅವಳು ವಿಟ್ಲದಿಂದ ಮದುವೆಯಾಗಿ ಬಂದವಳು, ಇಲ್ಲಿಯ ಮಲಯಾಳ ಇನ್ನೂ ನಾಲಿಗೆಗೆ ಹತ್ತಿಲ್ಲ. ಗಂಡನ ಫೋನ್ ಹೋಗುತ್ತಿಲ್ಲ, ವಾಟ್ಸಾಪಿನಲ್ಲಿ ಮಾತ್ರ ಒಂದೇ ಸಮನೆ ವಿಡಿಯೋ. ಎಲ್ಲಿಯದೋ, ಯಾವಾಗಿನದೋ. ಕಳಿಸಿದವರು ಊರಿನವರೇ.

ಎರಡನೇ ದಿನ ಮಂದಿರದ ನಾಲ್ಕು ಜನ ಹೆಂಗಸರು ಎರಡು ಬೆಳೆದ ಹಲಸಿನಕಾಯಿ ಹೊರಿಸಿಕೊಂಡು ಅವಳ ಅಂಗಳಕ್ಕೆ ಬಂದರು. "ನಮ್ಮಲ್ಲಿ ಬಿಸಿಲಿಲ್ಲ ಮಾರಾಯ್ತಿ, ಹಪ್ಪಳ ನಿನ್ನ ಅಂಗಳದಲ್ಲೇ ಒಣಗಿಸುವ" ಅಂದರು. ಬಿಸಿಲು ಎಲ್ಲರಲ್ಲೂ ಇತ್ತು. ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಮಣೆಯ ಮೇಲೆ ಒತ್ತಿ ಚಾಪೆಗೆ ಹಾಕುತ್ತಾ ಇಡೀ ದಿನ ಕೂತರು. ಗಂಡನ ಸುದ್ದಿ ಒಬ್ಬರೂ ಎತ್ತಲಿಲ್ಲ. ಎಣ್ಣೆಕೈಯಾದ್ದರಿಂದ ಅವಳಿಗೆ ಮೊಬೈಲ್ ಮುಟ್ಟಲಾಗಲಿಲ್ಲ. ಸಂಜೆಗೆ ಅವಳೇ ಮೆಲ್ಲಗೆ, "ಅಕ್ಕಾ, ಅವರಿಗೆ ಹಲಸಿನ ಹಪ್ಪಳ ಅಂದರೆ ಜೀವ" ಅಂದಳು. ಒಣಗಿದ ಮೇಲೆ ಒಬ್ಬರು ಅವನ ಪಾಲಿನದ್ದೆಂದು ನೂರು ಹಪ್ಪಳ ಎಣಿಸಿ ಬೇರೆ ಡಬ್ಬಿಗೆ ಹಾಕಿಟ್ಟರು. ಮೂರು ದಿನವಾದ ಮೇಲೆ ಅವನ ಕರೆ ಬಂತು.

ಆದ್ದರಿಂದ ಮೀಟಿಂಗಿನಲ್ಲಿ ಎರಡೇ ವಿಷಯ ಕೇಳಿಕೊಂಡೆ. ಯೋಧನ ಯೂನಿಟ್, ಅವನಿರುವ ಜಾಗ, ಮಕ್ಕಳ ಫೋಟೋ ಫ್ಲೆಕ್ಸಿಗೂ ಫೇಸ್‌ಬುಕ್ಕಿಗೂ ಹಾಕುವುದು ಬೇಡ. ಎರಡನೆಯದು ನಗರ ಭಜನೆಯದ್ದು. ತಾಳ ಬಡಿಯುತ್ತಾ ಮನೆಯಿಂದ ಮನೆಗೆ ಹೋಗುವಾಗ ಎಲ್ಲ ಕಡೆ ಐದು ನಿಮಿಷ, ದೀಪಕ್ಕೆ ಕೈಮುಗಿದು ಮುಂದೆ. ಕೊನೆಯ ಮನೆಯಲ್ಲಿ ಮಾತ್ರ ಚಾಪೆ ಹಾಸಿ ಕೂತು, ಅವಲಕ್ಕಿ ತಿಂದು, ಕಾಫಿ ಕುಡಿದು, ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ಏಳುವುದು ನಮ್ಮ ರೂಢಿ. ಈ ಸಲ ಕೆಳಗಿನ ಮನೆಯನ್ನು ಕೊನೆಗೆ ಇಡಿ ಅಂದೆ. ಅಧ್ಯಕ್ಷರು ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನು ಕೇಳಿದರು.