ಅಂಕಿ ಇಲ್ಲೂ ಬರುತ್ತದೆ, ಅಲ್ಲೂ ಬರುತ್ತದೆ. ನೋಡುವವರು ಯಾರು?

ಹೋದ ವಾರ ಕೆಲಸದ ಮಧ್ಯೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದರೆ ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಏರಿಯಾದ ಜಿ.ಪಿ. (ಅಂದರೆ ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್ಕಿನ ನರ್ಸ್. ನೀವು ಕಳಿಸಿದ ಬಿ.ಪಿ. ರೀಡಿಂಗ್‌ಗಳನ್ನೆಲ್ಲ ನೋಡಿದೆ, ಬೆಳಗಿನದು ಚೆನ್ನಾಗಿದೆ, ಸಂಜೆಯದು ಮಾತ್ರ ಪ್ರತಿ ದಿನವೂ ಸ್ವಲ್ಪ ಜಾಸ್ತಿ ಇದೆ, ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತೀರಿ ಅಂತ ಕೇಳಿದರು. ಹೇಳಿದೆ. ಡಾಕ್ಟರ್ ಹತ್ತಿರ ಮಾತಾಡಿ ತಿಳಿಸುತ್ತೇನೆ ಅಂದರು, ಸಾಯಂಕಾಲದೊಳಗೆ ಮೆಸೇಜೂ ಬಂತು. ನನಗೆ ನಿಜಕ್ಕೂ ಆಶ್ಚರ್ಯ. ನಾನು ಫೋನಿನಲ್ಲಿ ಸುಮ್ನೆ ಒತ್ತಿ ಕಳಿಸಿದ್ದ ಅಂಕಿಗಳನ್ನು ಎಲ್ಲೋ ಕೂತು ಒಬ್ಬರು ಸಾಲು ಸಾಲಾಗಿ ಓದಿದ್ದಾರೆ!

ಅದೇ ವಾರ ಊರಿನಿಂದ ತಮ್ಮ ಫೋನ್ ಮಾಡಿದ್ದ. ಅಮ್ಮನನ್ನು ಚೆಕಪ್‌ಗೆ ಕರೆದುಕೊಂಡು ಹೋಗಿದ್ದನಂತೆ. ಅಮ್ಮನ ಹತ್ತಿರ ಇರುವುದೂ ನನ್ನಂಥದ್ದೇ ಯಂತ್ರ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಸಾಕು, ಅಂಕಿ ಬ್ಲೂಟೂತ್‌ನಲ್ಲಿ ತಮ್ಮನ ಫೋನಿಗೆ ಹೋಗಿ ಕೂರುತ್ತದೆ. ಅವನು ತಿಂಗಳುಗಳ ಲೆಕ್ಕವನ್ನು ಗ್ರಾಫ್ ಸಮೇತ ತೆಗೆದುಕೊಂಡು ಹೋಗಿದ್ದ. ಡಾಕ್ಟರ್ ಫೋನಿನ ಕಡೆ ಕಣ್ಣೂ ಹಾಯಿಸಲಿಲ್ಲವಂತೆ. "ಅದೆಲ್ಲ ಬೇಡ, ಇಲ್ಲಿ ನೋಡೋಣ" ಅಂತ ಅಮ್ಮನನ್ನು ಕೂರಿಸಿ ಒಂದು ಸಲ ಅಳೆದರು. 160ರ ಮೇಲೆ ಬಂತು. ಮಾತ್ರೆಯ ಡೋಸ್ ಏರಿಸಿ ಚೀಟಿ ಬರೆದು ಕಳಿಸಿದರು. ಮನೆಯಲ್ಲಿ ಅಮ್ಮನಿಗೆ 130ರ ಆಸುಪಾಸು ಇರುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಅಮ್ಮ ಕುರ್ಚಿಯಿಂದ ಎದ್ದರೆ ತಲೆ ಸುತ್ತಿ ಗೋಡೆ ಹಿಡಿದುಕೊಳ್ಳುತ್ತಿದ್ದಾರೆ ಅಂತ ಮತ್ತೆ ಫೋನ್. ಬಿದ್ದು ಸೊಂಟ ಮುರಿದುಕೊಂಡಿದ್ದರೆ ಏನು ಗತಿ?

ಎರಡು ಮನೆ, ಒಂದೇ ಬಗೆಯ ಯಂತ್ರ. ಅಂದಮೇಲೆ ತಂತ್ರಜ್ಞಾನ ಊರಿಗೆ ಇನ್ನೂ ಬಂದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಂದಿದೆ. ಕೈಗಡಿಯಾರದಲ್ಲಿ ಇ.ಸಿ.ಜಿ., ಬೆರಳಿಗೆ ಆಕ್ಸಿಮೀಟರ್, ತೋಳಿಗೆ ಅಂಟಿಸುವ ಶುಗರ್ ಪ್ಯಾಚ್, ಎಲ್ಲವೂ ನಮ್ಮವರ ಮನೆಗಳಲ್ಲಿವೆ. ಬರದೇ ಇರುವುದು ಆ ಕಡೆಯ ಕಿವಿ. ಯಂತ್ರ ಹೇಳಿದ್ದನ್ನು ಕೇಳಿಸಿಕೊಳ್ಳುವುದು ಯಾರ ಕೆಲಸ ಅನ್ನುವುದು ಅಲ್ಲಿ ಇನ್ನೂ ತೀರ್ಮಾನವೇ ಆಗಿಲ್ಲ.

ಇಂಗ್ಲೆಂಡಿನಲ್ಲಿ ಇದನ್ನು ತೀರ್ಮಾನ ಮಾಡಿಬಿಟ್ಟಿದ್ದಾರೆ. ಕ್ಲಿನಿಕ್ಕಿನಲ್ಲಿ ಬಿ.ಪಿ. ಜಾಸ್ತಿ ಬಂದರೆ ಅದೊಂದನ್ನೇ ನಂಬಿ ಕಾಯಿಲೆ ಅಂತ ಹೆಸರಿಡಬೇಡಿ, ಹೊರಗೆ ದಿನವಿಡೀ ಅಳೆದೋ ಮನೆಯಲ್ಲಿ ಅಳೆಸಿಯೋ ಖಚಿತ ಮಾಡಿಕೊಳ್ಳಿ ಅಂತ ಇಲ್ಲಿನ ವೈದ್ಯಕೀಯ ಮಾರ್ಗಸೂಚಿ ಸಂಸ್ಥೆ ನೈಸ್ 2011ರಲ್ಲೇ ಹೇಳಿದೆ. ಕಾರಣ ಸರಳ. ಬಿಳಿ ಕೋಟು ಕಂಡರೆ ಎಷ್ಟೋ ಜನರ ಒತ್ತಡ ಏರುತ್ತದೆ, ನಮ್ಮಮ್ಮನ ಥರ. 2020ರಲ್ಲಿ ಕೋವಿಡ್ ಬಂದು ಕ್ಲಿನಿಕ್ಕಿಗೆ ಹೋಗುವುದೇ ಕಷ್ಟವಾದಾಗ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಿ.ಪಿ. ಯಂತ್ರಗಳನ್ನೇ ಮನೆಗಳಿಗೆ ಕೊಡಲು ಶುರು ಮಾಡಿತು, 2 ಲಕ್ಷಕ್ಕೂ ಜಾಸ್ತಿ ಯಂತ್ರಗಳು ಹೀಗೆ ಹಂಚಿಕೆಯಾದವು.

ಯಂತ್ರದ ಜೊತೆ ಒಂದು ಶಿಸ್ತೂ ಬರುತ್ತದೆ, ನನಗೆ ಹಿಡಿಸಿದ್ದು ಅದು. ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲದ ಮೇಲೆ, ಕಾಲು ಮೇಲೆ ಕಾಲು ಹಾಕುವಂತಿಲ್ಲ. ಬೆನ್ನಿಗೆ ಆಸರೆ, ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲೆ. ಮಾತಾಡಬಾರದು. ಪಟ್ಟಿ ತೋಳಿಗೆ ಸರಿಹೊಂದಬೇಕು, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಸುಳ್ಳುಸುಳ್ಳಾಗಿ ಏರುತ್ತದೆ. ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ, ಎರಡರ ನಡುವೆ ಕನಿಷ್ಠ ಒಂದು ನಿಮಿಷ. ಹೀಗೆ ಕನಿಷ್ಠ ನಾಲ್ಕು ದಿನ, ಸಾಧ್ಯವಾದರೆ ಒಂದು ವಾರ. ಮೊದಲ ದಿನದ್ದನ್ನು ಪೂರ್ತಿ ಬಿಟ್ಟು ಉಳಿದದ್ದರ ಸರಾಸರಿ ತೆಗೆಯುತ್ತಾರೆ. ಬಿ.ಪಿ. ಜಾಸ್ತಿ ಅನ್ನುವ ಗೆರೆಯೂ ಬೇರೆ, ಕ್ಲಿನಿಕ್ಕಿನಲ್ಲಿ 140/90 ಆದರೆ ಮನೆಯಲ್ಲಿ 135/85. ಇದರಲ್ಲಿ ದೊಡ್ಡ ವಿಜ್ಞಾನ ಏನೂ ಇಲ್ಲ. ಮನೆಯ ಅಂಕಿಗೂ ಬೆಲೆ ಇದೆ ಅಂತ ವ್ಯವಸ್ಥೆ ಒಪ್ಪಿಕೊಂಡಿದೆ, ಅಷ್ಟೇ. ಒಪ್ಪಿಕೊಂಡಮೇಲೆ ಅದನ್ನು ಓದುವವರು ಬೇಕಾಗುತ್ತಾರೆ. ಹಾಗಾಗಿ ಆ ನರ್ಸ್ ಇದ್ದಾರೆ, ಇದು ಅವರ ಕೆಲಸ.

ಅಮ್ಮನ ಅಂಕಿ ಎಲ್ಲಿಗೆ ಹೋಗುತ್ತದೆ ಗೊತ್ತಾ? ಮನೆಯವರ ವಾಟ್ಸಾಪ್ ಗ್ರೂಪಿಗೆ. ತಮ್ಮ ಸ್ಕ್ರೀನ್‌ಶಾಟ್ ಹಾಕುತ್ತಾನೆ. ಚಿಕ್ಕಪ್ಪ "ಇನ್ನೊಂದು ಸಲ ಅಳೆ" ಅನ್ನುತ್ತಾರೆ. ದೊಡ್ಡಮ್ಮ ತಮ್ಮ ಮಾತ್ರೆಯ ಹೆಸರು ಹೇಳಿ ಅದನ್ನೇ ಕೊಡಿ ಅನ್ನುತ್ತಾರೆ. ಇನ್ಯಾರೋ ಅರ್ಧ ಮಾತ್ರೆ ಸಾಕು ಅನ್ನುತ್ತಾರೆ. ನಾಲ್ಕು ಜನ ಕೈ ಮುಗಿದ ಚಿತ್ರ ಹಾಕುತ್ತಾರೆ. ಎಲ್ಲರಿಗೂ ಅಮ್ಮನ ಮೇಲೆ ಪ್ರೀತಿ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಜನ ನೋಡಿದ ಅಂಕಿಯನ್ನು ನೋಡಲೇಬೇಕಾದ ಒಬ್ಬರು ಮಾತ್ರ ನೋಡಿರುವುದಿಲ್ಲ. ಹತ್ತು ಸಲ ಗ್ರೂಪಿಗೆ ಹಾಕಿದ್ದು ಒಂದು ಸಲವೂ ಅಮ್ಮನ ಫೈಲಿಗೆ ಸೇರುವುದಿಲ್ಲ. ದಿನಕ್ಕೆ ಆರೇಳು ಸಲ ಅಳೆದು, ಒಂದು ಅಂಕಿ ಏರಿತು ಅಂತ ಭಯ ಬಿದ್ದು, ಆ ಭಯಕ್ಕೇ ಮುಂದಿನ ಅಂಕಿ ಇನ್ನಷ್ಟು ಏರಿ, ಅಮ್ಮನಿಗೆ ರಾತ್ರಿ ನಿದ್ದೆ ಇಲ್ಲ. ಈ ಭಯ ಯಂತ್ರ ಬರುವ ಮುಂಚೆ ಅವರಿಗೆ ಇರಲಿಲ್ಲ.

ಇದು ಒಬ್ಬ ಡಾಕ್ಟರ ಕಥೆ ಅನ್ನಬೇಡಿ. ಪರಿಚಯದ ಹಿರಿಯರೊಬ್ಬರಿಗೆ ಊರಲ್ಲಿ ಪೇಸ್‌ಮೇಕರ್ ಹಾಕಿದ್ದಾರೆ, ಜೊತೆಗೆ ಹಾಸಿಗೆಯ ಪಕ್ಕ ಇಡಲು ಒಂದು ಪೆಟ್ಟಿಗೆ ಕೊಟ್ಟಿದ್ದಾರೆ. ರಾತ್ರಿ ಮಲಗಿದಾಗ ಅದು ಎದೆಯೊಳಗಿನ ಯಂತ್ರದ ಜೊತೆ ತಾನಾಗಿಯೇ ಮಾತಾಡಿ ಬ್ಯಾಟರಿ ಎಷ್ಟಿದೆ, ತಂತಿ ಸರಿ ಇದೆಯಾ, ಬಡಿತ ಎಲ್ಲಾದರೂ ತಪ್ಪಿದೆಯಾ ಅಂತ ತಿಳಿದು ಆಸ್ಪತ್ರೆಗೆ ಕಳಿಸಬೇಕು. ನಾನು ಹೋದಾಗ ನೋಡಿದೆ, ಪೆಟ್ಟಿಗೆ ಪ್ಲಾಸ್ಟಿಕ್ ಕವರಿನ ಸಮೇತ ಬೀರುವಿನ ಮೇಲಿದೆ. ಯಾಕೆ ಅಂತ ಕೇಳಿದರೆ, ಆಸ್ಪತ್ರೆಯಲ್ಲಿ ಅದರ ಬಗ್ಗೆ ಮತ್ತೆ ಯಾರೂ ವಿಚಾರಿಸಲಿಲ್ಲ ಅಂದರು. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರ ಅಪ್ಪನಿಗೂ ಅಂಥ ಪೆಟ್ಟಿಗೆ ಇದೆ. ಮನೆ ಬದಲಾಯಿಸುವಾಗ ಕೆಲವು ದಿನ ಪ್ಲಗ್ ತೆಗೆದಿಟ್ಟಿದ್ದರಂತೆ. ನಿಮ್ಮ ಯಂತ್ರದಿಂದ ಸುದ್ದಿ ಬಂದಿಲ್ಲ, ಎಲ್ಲ ಸರಿ ಇದೆಯಾ ಅಂತ ಆಸ್ಪತ್ರೆಯಿಂದ ಫೋನ್ ಬಂದಿದೆ. ಸುದ್ದಿ ಬಾರದೇ ಇದ್ದದ್ದನ್ನೂ ಗಮನಿಸುವವರು ಇದ್ದಾರೆ ಅಂದಾಗ ನನ್ನ ಹೊಟ್ಟೆ ಉರಿದದ್ದು ನಿಜ.

ಶುಗರ್ ಪ್ಯಾಚಿನದ್ದೂ ಇದೇ ಹಾಡು. ಟೈಪ್ 1 ಡಯಾಬಿಟಿಸ್ ಇರುವ ದೊಡ್ಡವರಿಗೆಲ್ಲ ಅದನ್ನು ಕೊಡಬೇಕು ಅಂತ ನೈಸ್ 2022ರಲ್ಲಿ ಹೇಳಿತು, ಅಂಕಿಗಳು ಡಯಾಬಿಟಿಸ್ ನರ್ಸ್ ಕಣ್ಣಿಗೂ ಬೀಳುತ್ತವೆ. ಊರಲ್ಲಿ ನಮ್ಮವರು ತಾವೇ ಕೊಂಡು ಅಂಟಿಸಿಕೊಂಡು ದಿನವಿಡೀ ಫೋನ್ ನೋಡುತ್ತಾರೆ. ಪ್ಯಾಚ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು, ಹಾಗಾಗಿ ಅದರ ಅಂಕಿ ರಕ್ತದ ಅಂಕಿಗಿಂತ ಕೆಲವು ನಿಮಿಷ ಹಿಂದಿರುತ್ತದೆ ಅಂತ ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ.

ಡಾಕ್ಟರುಗಳಿಗೆ ಟೈಮ್ ಎಲ್ಲಿದೆ ಅಂತ ತಮ್ಮ ಕೇಳಿದ. ಹೊರಗೆ ಬಾಗಿಲ ತನಕ ಜನ ನಿಂತಿರುತ್ತಾರೆ, ನಿನ್ನ ಗ್ರಾಫ್ ನೋಡುತ್ತಾ ಕೂರುವುದಕ್ಕೆ ಆಗುತ್ತದಾ ಅಣ್ಣ ಅಂದ. ಡಾಕ್ಟರೇ ನೋಡಲಿ ಅಂತ ನಾನೆಲ್ಲಿ ಹೇಳಿದೆ? ಇಲ್ಲೂ ಡಾಕ್ಟರ್ ನೋಡಲಿಲ್ಲ, ನರ್ಸ್ ನೋಡಿದರು. ನಮ್ಮ ದೇಶದಲ್ಲಿ ದೂರದಿಂದ ಚಿಕಿತ್ಸೆ ಕೊಡಲು ಸರ್ಕಾರದ ನಿಯಮಗಳು 2020ರ ಮಾರ್ಚ್‌ನಲ್ಲೇ ಬಂದಿವೆ. ದೂರದಿಂದಲೇ ಡಾಕ್ಟರ ಸಲಹೆ ಸಿಗುವ ಸರ್ಕಾರದ ಇ-ಸಂಜೀವಿನಿ 2019ರಿಂದ ಇದೆ. ಆರೋಗ್ಯದ ದಾಖಲೆಗಳನ್ನು ಜೋಡಿಸುವ 14 ಅಂಕಿಯ ಆಭಾ ನಂಬರ್ ಅಮ್ಮನಿಗೂ ಆಗಿದೆ. ಇಷ್ಟೆಲ್ಲ ಇದ್ದೂ ಅಮ್ಮನ ತೋಳಿನ ಅಂಕಿ ತಮ್ಮನ ಫೋನ್ ದಾಟುವುದಿಲ್ಲ ಅಂದರೆ ಸಿಟ್ಟು ಬರದೇ ಇರುತ್ತದಾ?

ಇಲ್ಲಿ ಎಲ್ಲ ಸೊಗಸು ಅಂತಲ್ಲ. 2017ರ ಮೇನಲ್ಲಿ ವಾನಾಕ್ರೈ ಅನ್ನುವ ಸೈಬರ್ ದಾಳಿ ಆದಾಗ ಎನ್‌ಎಚ್‌ಎಸ್‌ನ ಕಂಪ್ಯೂಟರುಗಳು ಅಲ್ಲಲ್ಲಿ ನಿಂತುಹೋಗಿ ಸಾವಿರಾರು ಅಪಾಯಿಂಟ್‌ಮೆಂಟ್ ರದ್ದಾದವು. ಎಲ್ಲವನ್ನೂ ತಂತಿಗೆ ಕಟ್ಟಿದರೆ ತಂತಿ ಕಡಿದ ದಿನ ಹೀಗೇ. ಬೆರಳಿನ ಆಕ್ಸಿಮೀಟರ್ ಕಪ್ಪು ಚರ್ಮದವರಿಗೆ ಆಮ್ಲಜನಕವನ್ನು ಇರುವುದಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಇದೆ ಅಂತ 2020ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತ್ತು, ಆ ಯಂತ್ರದ ಅಂಕಿ ನೋಡಿ ಮನೆಯಲ್ಲೇ ಇರಿ ಅಂತ ಕೋವಿಡ್ ಬಂದವರಿಗೆ ಇಲ್ಲೂ ಹೇಳುತ್ತಿದ್ದ ಕಾಲ ಅದು. ನಮ್ಮ ಬಣ್ಣದವರು ಇದನ್ನು ತಿಳಿದಿರಬೇಕು.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಒಂಟಿ. ಕುತ್ತಿಗೆಗೆ ಒಂದು ಗುಂಡಿ ನೇತು ಹಾಕಿಕೊಂಡಿರುತ್ತಾರೆ. ಬಿದ್ದರೆ ಒತ್ತಬೇಕು, ಒತ್ತಿದರೆ ಲ್ಯಾಂಡ್‌ಲೈನ್ ಮೂಲಕ ಎಲ್ಲೋ ಇರುವ ಕೇಂದ್ರಕ್ಕೆ ಕರೆ ಹೋಗುತ್ತದೆ. ಈಗ ಬ್ರಿಟನ್ನಿನಲ್ಲಿ ಹಳೇ ಫೋನ್ ಲೈನುಗಳನ್ನೆಲ್ಲ ತೆಗೆದು ಇಂಟರ್ನೆಟ್ ಮೇಲೆ ಹಾಕುತ್ತಿದ್ದಾರೆ, 2027ರ ಜನವರಿಗೆ ಮುಗಿಸಬೇಕಂತೆ. ಕೆಲವರ ಗುಂಡಿ ಲೈನ್ ಬದಲಾದ ಮೇಲೆ ಕೆಲಸ ಮಾಡದೆ ಅನಾಹುತಗಳಾಗಿ, 2023ರಲ್ಲಿ ಒತ್ತಾಯದ ಬದಲಾವಣೆಯನ್ನು ತಡೆಹಿಡಿಯಬೇಕಾಯಿತು. ನನ್ನ ಲೈನ್ ಬದಲಾದರೆ ಗುಂಡಿ ನಡೆಯುತ್ತಾ ಅಂತ ಅಜ್ಜಿ ನನ್ನನ್ನು ಕೇಳಿದರು. ಅವರ ಜೊತೆ ಕೂತು ಕೇಂದ್ರಕ್ಕೆ ಫೋನ್ ಹಚ್ಚಿ ವಿಚಾರಿಸಿದೆ. ಅವರ ಮನೆಯಲ್ಲಿ ಆ ಗುಂಡಿ ಬಿಟ್ಟರೆ ಬೇರೆ ಯಾರೂ ಇಲ್ಲ. ಅಮ್ಮ ತಲೆ ಸುತ್ತಿ ಗೋಡೆ ಹಿಡಿದಾಗ ಎರಡು ಹೆಜ್ಜೆ ದೂರದಲ್ಲಿ ತಮ್ಮ ಇದ್ದ.

ಇನ್ನೊಂದು ಮಾತನ್ನೂ ಹೇಳಲೇಬೇಕು, ಹೇಳುವುದಕ್ಕೆ ಅಷ್ಟೇನೂ ಇಷ್ಟವಿಲ್ಲದಿದ್ದರೂ. ನರ್ಸ್ ಫೋನ್ ಮಾಡಿದರು, ಸರಿ. ಆದರೆ ನನಗೆ ಡಾಕ್ಟರ ಮುಖ ನೋಡಿ ಮಾತಾಡಬೇಕು ಅಂದರೆ ವಾರಗಟ್ಟಲೆ ಕಾಯಬೇಕು. ಅಮ್ಮನಿಗೆ ತಲೆ ಸುತ್ತಿದ ರಾತ್ರಿ ತಮ್ಮ ಡಾಕ್ಟರ ಮೊಬೈಲಿಗೇ ಫೋನ್ ಮಾಡಿದ. ಊಟದ ಹೊತ್ತು, ಆದರೂ ಎತ್ತಿದರು. ಕೂತಾಗ ಎಷ್ಟು, ನಿಂತಾಗ ಎಷ್ಟು ಅಂತ ಅಳೆಸಿ, ಅಂಕಿ ಕೇಳಿ, ಹಳೇ ಡೋಸಿಗೇ ವಾಪಸ್ ಹೋಗಿ ಅಂದರು. ಆಗ ಅವರಿಗೂ ಮನೆಯ ಯಂತ್ರದ ಅಂಕಿಯೇ ಬೇಕಾಯಿತು. ಮುಂದೆ ವಾರಕ್ಕೊಮ್ಮೆ ನನ್ನ ನಂಬರಿಗೆ ರೀಡಿಂಗ್ ಹಾಕಿ ಅಂತ ಅವರೇ ಹೇಳಿದರಂತೆ. ಇಲ್ಲಿ ಯಾವ ಡಾಕ್ಟರೂ ನನಗೆ ಸ್ವಂತ ನಂಬರ್ ಕೊಡುವುದಿಲ್ಲ.

ಕೇಳಿಸಿಕೊಳ್ಳುವ ವ್ಯವಸ್ಥೆಯನ್ನು ನಮ್ಮ ದೇಶದಲ್ಲಿ ಮಾಡಿಯೇ ಇಲ್ಲ ಅನ್ನುವುದೂ ತಪ್ಪಾಗುತ್ತದೆ. ಇಂಡಿಯಾ ಹೈಪರ್‌ಟೆನ್ಷನ್ ಕಂಟ್ರೋಲ್ ಇನಿಶಿಯೇಟಿವ್ ಅಂತ ಬಿ.ಪಿ. ಹತೋಟಿಯ ಕಾರ್ಯಕ್ರಮವೊಂದು 2017ರ ಕೊನೆಗೆ ಶುರುವಾಯಿತು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಎಷ್ಟೋ ಕಡೆ ನರ್ಸ್ ಬಿ.ಪಿ. ನೋಡಿ ಸಿಂಪಲ್ ಅನ್ನುವ ಆ್ಯಪ್‌ಗೆ ಹಾಕುತ್ತಾರೆ, ಬರಬೇಕಾದ ದಿನ ಬಾರದವರ ಪಟ್ಟಿ ಅದರಲ್ಲೇ ಏಳುತ್ತದೆ, ಅವರಿಗೆ ಫೋನ್ ಹೋಗುತ್ತದೆ. 2022ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಅಂದರೆ ಪೇಸ್‌ಮೇಕರ್ ಪೆಟ್ಟಿಗೆ ನಿಂತಾಗ ಇಲ್ಲಿನ ಆಸ್ಪತ್ರೆ ಮಾಡಿದ ಕೆಲಸವನ್ನೇ ಅಲ್ಲಿ ಸರ್ಕಾರಿ ನರ್ಸ್ ಒಂದು ಮಾಮೂಲಿ ಫೋನ್ ಇಟ್ಟುಕೊಂಡು ಮಾಡುತ್ತಿದ್ದಾರೆ. ಅಮ್ಮ ಹೋಗುವುದು ಖಾಸಗಿ ಕ್ಲಿನಿಕ್ಕಿಗೆ, ಅಲ್ಲಿ ಅಂಥ ಪಟ್ಟಿ ಇಲ್ಲ.

ಆ ಡಾಕ್ಟರ್ ಒಳ್ಳೆಯವರು, ಅದನ್ನು ಈಗ ಒಪ್ಪುತ್ತೇನೆ. ಆದರೆ ದಿನವಿಡೀ ರೋಗಿಗಳನ್ನು ನೋಡಿ ಮನೆಗೆ ಹೋದವರು ರಾತ್ರಿ ಎಷ್ಟು ಜನರ ವಾಟ್ಸಾಪ್ ಓದಿಯಾರು? ಅವರ ಕ್ಲಿನಿಕ್ಕಿನ ಮುಂಭಾಗದಲ್ಲಿ ಟೋಕನ್ ಕೊಡುವ ಹುಡುಗಿ ಇದ್ದಾಳೆ, ತುಂಬಾ ಚುರುಕು, ನರ್ಸಿಂಗ್ ಓದಿದ್ದಾಳಂತೆ. ದಿನಕ್ಕೆ ಒಂದು ಗಂಟೆ ಅವಳಿಗೆ ಈ ಕೆಲಸ ಕೊಡಿ, ಮನೆಯಿಂದ ಬಂದ ರೀಡಿಂಗ್‌ಗಳನ್ನು ಫೈಲಿಗೆ ಸೇರಿಸಿ ಗೆರೆ ದಾಟಿದವರನ್ನು ಮಾತ್ರ ನಿಮಗೆ ತೋರಿಸಲಿ ಅಂತ ಊರಿಗೆ ಹೋದಾಗ ನಾನೇ ಅವರ ಎದುರು ಕೂತು ಕೇಳುವವನಿದ್ದೇನೆ.