ಒಂದು ಕ್ಲಿಕ್ಕು, ಒಂದು ಬಾಕ್ಸ್ ಟೊಮೆಟೊ

ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ನಾನು ನೋಡಿಕೊಳ್ಳುವ ಸರ್ವರ್, ಅಂದರೆ ಬಿಲ್ಲಿನ ಕಂಪ್ಯೂಟರ್, ಇರುವುದು ಕೋಲಾರದ ಒಂದು ಟೊಮೆಟೊ ಮಂಡಿಯಲ್ಲಿ, ಗಣಪತಿ ಪಟದ ಕೆಳಗೆ. ನಡುವೆ ಶಿಡ್ಲಘಟ್ಟ, ಚಿಂತಾಮಣಿ. ದೂರದ ಕಂಪ್ಯೂಟರನ್ನು ಮನೆಯ ಪರದೆಯಲ್ಲೇ ತೋರಿಸಿ ನಡೆಸಲು ಬಿಡುವ ರಿಮೋಟ್ ಡೆಸ್ಕ್‌ಟಾಪ್ ಎಂಬ ಪುಣ್ಯಾತ್ಮನ ದಯೆಯಿಂದ ಲುಂಗಿ ಉಟ್ಟುಕೊಂಡೇ, ಉಪ್ಪಿಟ್ಟು ತಿನ್ನುತ್ತಾ ಕೋಲಾರದ ಬಿಲ್ಲು ಸರಿಮಾಡುತ್ತಿದ್ದೆ.

ಒಂದು ಭಾನುವಾರ ಲಾಗ್, ಅಂದರೆ ಸರ್ವರ್‌ನ ದಿನಚರಿ, ತೆಗೆದರೆ, ಯಾರೋ ರಾತ್ರಿಯಿಡೀ ಪಾಸ್‌ವರ್ಡ್ ಊಹಿಸುತ್ತಾ ಕೂತಿದ್ದಾರೆ! ಈ ಸೇವೆಯ ಬಾಗಿಲು 3389ನೇ ಪೋರ್ಟ್ ಎಂಬುದು ಲೋಕದ ಕಳ್ಳರಿಗೆಲ್ಲ ಗೊತ್ತು. ಬರುವವರನ್ನು ತಡೆದು ಬಿಡುವ ಕಾವಲುಗಾರ ಫೈರ್‌ವಾಲ್‌ನಲ್ಲಿ ಗೊತ್ತಿರುವ ವಿಳಾಸಕ್ಕಷ್ಟೇ ದಾರಿ ಬಿಟ್ಟಿದ್ದರೆ ಸಾಕಿತ್ತು. ನನಗೆ ಪೌರುಷ ಬಂತು. ಸರ್ವಿಸಸ್ ಪಟ್ಟಿ ತೆರೆದು, 'ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್' ಹುಡುಕಿ, ಮತ್ತೆಂದೂ ತಾನಾಗಿ ಏಳದಂತೆ 'ಡಿಸೇಬಲ್ಡ್' ಮಾಡಿ, 'ಸ್ಟಾಪ್' ಒತ್ತಿದೆ. ಇದು ನಿಂತರೆ ಇದನ್ನೇ ನಂಬಿಕೊಂಡ ಇನ್ನೊಂದು ಸೇವೆಯೂ ನಿಲ್ಲುತ್ತದೆ, ಆಗಬಹುದಾ ಎಂದು ವಿಂಡೋಸ್ ವಿನಯದಿಂದಲೇ ಕೇಳಿತು. ನೀನೂ ಇದನ್ನೇ ನಂಬಿಕೊಂಡಿದ್ದೀಯಲ್ಲಪ್ಪ ಅನ್ನಲಿಲ್ಲ. ಹೂಂ ಅಂದೆ.

ಪರದೆ ಕಲ್ಲಾಯಿತು. ಬೋರ್‌ವೆಲ್‌ಗೆ ಮೋಟರ್ ಇಳಿಸುತ್ತಾ ಹಗ್ಗ ಕೈಬಿಟ್ಟವನ ಹಾಗೆ ಕೂತೆ.

ಮಂಡಿಯ ಗುಮಾಸ್ತರಿಗೆ ಫೋನ್ ಮಾಡಿದೆ. "ಅಣ್ಣಾ, ಆ ಕರಿ ಡಬ್ಬಾನ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?"

"ಮಾಡ್ದೆ ಸಾರ್. ದೀಪ ಬಂತು."

ದೀಪ ಬಂದೇನು? ಡಿಸೇಬಲ್ಡ್ ಮಾಡಿದ ಮಹಾನುಭಾವ ನಾನೇ.

"ಮಾನಿಟರ್‌ನಲ್ಲಿ ಏನು ಕಾಣ್ತಿದೆ?"

"ಅಂಗಳ ಕಾಣ್ತಿದೆ ಸಾರ್. ಟೆಂಪೋ ಬಂದಿದೆ. ಮಾನಿಟರ್ ಬೇಡ, ಮನೆಯಿಂದಾನೇ ನೋಡ್ಕೋತೀನಿ ಅಂದ್ರಲ್ಲ, ಕ್ಯಾಮೆರಾಗೆ ಹಾಕ್ಬಿಟ್ವಿ."

ಲುಂಗಿ ಬಿಚ್ಚಿ ಪ್ಯಾಂಟು ಹಾಕಿದೆ. ಚಿಂತಾಮಣಿಯಲ್ಲಿ ಬಸ್ ಬದಲಿಸಿ ಕೋಲಾರ ಮುಟ್ಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದ ಉಪ್ಪಿಟ್ಟು ಕರಗಿತ್ತು. ಕ್ಯಾಮೆರಾದ ಮಾನಿಟರ್ ಕಿತ್ತು ಸರ್ವರ್‌ಗೆ ಸಿಕ್ಕಿಸಿ, 'ಡಿಸೇಬಲ್ಡ್' ತೆಗೆದು 'ಸ್ಟಾರ್ಟ್' ಒತ್ತಿದೆ. ಎರಡು ನಿಮಿಷ. ಫೈರ್‌ವಾಲ್ ಕೆಲಸವನ್ನೂ ಅಲ್ಲೇ ಮುಗಿಸಿದೆ, ಈ ಸಲ ಎರಡೆರಡು ಬಾರಿ ಓದಿಕೊಂಡು.

"ಇಷ್ಟೇನಾ ಸಾರ್?" ಅಂದರು ಗುಮಾಸ್ತರು. ಆ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಪಾಪ, ಭಾನುವಾರ ಬಂದರಲ್ಲ ಎಂದು ಸಾಹುಕಾರರು 15 ಕೆಜಿಯ ಒಂದು ಬಾಕ್ಸ್ ಟೊಮೆಟೊ ಹೊರಿಸಿದರು. ಬಸ್ಸಿನಲ್ಲಿ ಅದಕ್ಕೂ ಲಗೇಜ್ ಟಿಕೆಟ್.

ಮನೆಗೆ ಬಂದು ಬಾಕ್ಸ್ ಇಳಿಸಿದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು.

"ಬೆಳಿಗ್ಗೆ ತಾನೇ ಎರಡು ಕೆಜಿ ತಗೊಂಡಿದ್ದೆ. ಒಂದು ಫೋನ್ ಮಾಡೋಕೇನಾಗಿತ್ತು ನಿಮಗೆ?"