ಸ್ವೆಟ್‌ಶರ್ಟ್ ರಾಜವಂಶ

ಅಕ್ಕನ ಮಗ ಅಮೆರಿಕದಿಂದ ರಜೆಗೆ ಬಂದಿದ್ದ. ಬಿಳಿ ಸ್ವೆಟ್‌ಶರ್ಟ್, ಎದೆ ಮೇಲೆ ಅಂಗೈ ಅಗಲದ ಕೆಂಪು ಗುರಾಣಿ. ಗುರಾಣಿ ಮೇಲೊಂದು ಕಬ್ಬಿಣದ ಶಿರಸ್ತ್ರಾಣ, ಅದರ ನೆತ್ತಿಯಿಂದ ಎದ್ದು ಬಂದ ತೋಳು, ತೋಳಲ್ಲಿ ಕತ್ತಿ, ಕೆಳಗೆ ಪಟ್ಟಿಯಲ್ಲಿ ಗ್ರೀಕ್ ಅಕ್ಷರ. ಹುಡುಗ ಓದುತ್ತಿರುವುದು ಅಕೌಂಟಿಂಗ್.

"ಏನೋ ಇದು?"

"ನಮ್ಮ ಫ್ರಾಟರ್ನಿಟಿ ಕ್ರೆಸ್ಟ್ ಮಾಮಾ." ಫ್ರಾಟರ್ನಿಟಿ ಅಂದರೆ ಅಲ್ಲಿನ ಕಾಲೇಜು ಹುಡುಗರು ಕಟ್ಟಿಕೊಳ್ಳುವ ಸಂಘ.

"ಅರ್ಥ?"

"ಗುಟ್ಟು. ಹೊರಗಿನವರಿಗೆ ಹೇಳೋ ಹಾಗಿಲ್ಲ."

ಗುಟ್ಟನ್ನು ಎದೆ ಮೇಲೆ ಅಚ್ಚು ಹಾಕಿಸಿಕೊಂಡು ಎರಡು ವಿಮಾನ ಬದಲಿಸಿ ಬಂದಿದ್ದಾನೆ, ಇರಲಿ. ಆದರೆ ಅದು ಕ್ರೆಸ್ಟ್ ಅಲ್ಲ. ನೆತ್ತಿ ಮೇಲಿದೆಯಲ್ಲ ಆ ತೋಳು, ಅಷ್ಟಕ್ಕೇ ಕ್ರೆಸ್ಟ್ ಅನ್ನೋದು. ಇಡೀ ಚಿತ್ರ ಕೋಟ್ ಆಫ್ ಆರ್ಮ್ಸ್, ಅಂದರೆ ಮನೆತನದ ಲಾಂಛನ. ಕಳಶ ತೋರಿಸಿ ಇದೇ ದೇವಸ್ಥಾನ ಅಂದ ಹಾಗಾಯ್ತು.

12ನೇ ಶತಮಾನದ ಯುರೋಪಿನಲ್ಲಿ ಈ ಚಿತ್ರಕ್ಕೆ ಒಂದು ಕೆಲಸ ಇತ್ತು. ಶಿರಸ್ತ್ರಾಣ ಹಾಕಿದ ಮೇಲೆ ಒಳಗಿರುವುದು ಯಾರು ಅಂತ ಹೇಗೆ ಗೊತ್ತಾಗಬೇಕು? ಗುರಾಣಿ ನೋಡಬೇಕು. ದೂರದಿಂದಲೂ ಕಾಣಲಿ ಅಂತ ಚಿನ್ನದ ಮೇಲೆ ಬೆಳ್ಳಿ ಬಳಿಯಬಾರದು ಅನ್ನೋ ನಿಯಮ ಬಂತು. ಬಣ್ಣಗಳಿಗೆಲ್ಲ ಹಳೇ ಫ್ರೆಂಚ್ ಹೆಸರು, ಚಿನ್ನಕ್ಕೆ ಓರ್, ಕೆಂಪಿಗೆ ಗ್ಯೂಲ್ಸ್. 1484ರಲ್ಲಿ ಇಂಗ್ಲೆಂಡಿನ ದೊರೆ 3ನೇ ರಿಚರ್ಡ್ ಇದನ್ನೆಲ್ಲ ನೋಡಿಕೊಳ್ಳೋಕೆ ಒಂದು ಸಂಸ್ಥೆಯನ್ನೇ ಮಾಡಿಕೊಟ್ಟ. ಲಂಡನ್ನಿನ ಆ ಕಾಲೇಜ್ ಆಫ್ ಆರ್ಮ್ಸ್ ಇವತ್ತಿಗೂ ಫೀಸು ತಗೊಂಡು ಗುರಾಣಿ ಮಂಜೂರು ಮಾಡುತ್ತದೆ.

ಅಮೆರಿಕದವರು 1776ರ ಜುಲೈನಲ್ಲಿ ದೊರೆಯ ಸಹವಾಸವೇ ಬೇಡ ಅಂದರು. 1787ರ ಸಂವಿಧಾನದಲ್ಲಿ ಸರ್ಕಾರ ಯಾರಿಗೂ ಸರದಾರಿಕೆಯ ಬಿರುದು ಕೊಡಕೂಡದು ಅಂತಲೂ ಬರೆದುಕೊಂಡರು. ಅದೇ 1776ರ ಡಿಸೆಂಬರಿನಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಹುಡುಗರು ಫೈ ಬೀಟಾ ಕಪ್ಪಾ ಅಂತ ಒಂದು ಗುಟ್ಟಿನ ಸಂಘ ಕಟ್ಟಿದರು. ಪಾಪ, ಅವರು ಒಂದು ಪದಕಕ್ಕೇ ತೃಪ್ತರಾಗಿದ್ದರು. ಮುಂದೆ 1825ರಿಂದ 1827ರೊಳಗೆ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜೊಂದರಲ್ಲೇ ಮೂರು ಸಂಘ ಹುಟ್ಟಿಕೊಂಡವು, ಆಮೇಲೆ ಊರಿಗೊಂದು, ಕೇರಿಗೊಂದು. ಪಕ್ಕದವರ ಹತ್ತಿರ ಗುರಾಣಿ ಇದ್ದರೆ ನಮಗೂ ಬೇಕು ತಾನೆ? ಮಂಜೂರು ಮಾಡೋಕೆ ದೊರೆ ಇಲ್ಲ, ಬೇಡ ಅನ್ನೋಕೂ ಯಾರಿಲ್ಲ. ತಲೆಬುರುಡೆ, ದೀಪ, ನಕ್ಷತ್ರ, ಕೈ ಕುಲುಕುವ ಎರಡು ಕೈ, ಮದುವೆ ಮನೆ ಎಲೆಗೆ ಬಡಿಸಿದ ಹಾಗೆ ಎಲ್ಲವೂ ಬಂತು.

ಈ ಗೊಂದಲವನ್ನು ತಿದ್ದೋಕೆ ಹೊರಟವರಲ್ಲಿ ಎಮಿಲಿ ಬಟರ್‌ಫೀಲ್ಡ್ ಒಬ್ಬರು. 1904ರಲ್ಲಿ ಸಿರಕ್ಯೂಸ್‌ನಲ್ಲಿ ಆಲ್ಫಾ ಗಾಮಾ ಡೆಲ್ಟಾ ಅನ್ನೋ ಸಂಘ ಕಟ್ಟಿದ ಹೆಣ್ಣುಮಕ್ಕಳಲ್ಲಿ ಇವರೂ ಇದ್ದರು. ಆಮೇಲೆ ವಾಸ್ತುಶಿಲ್ಪಿಯಾದರು, 1931ರಲ್ಲಿ ಫ್ರಾಟರ್ನಿಟಿ ಗುರಾಣಿಗಳ ಮೇಲೆ ಪುಸ್ತಕವನ್ನೇ ಬರೆದರು. ತಮಾಷೆ ಏನು ಗೊತ್ತಾ? ಇಂಗ್ಲಿಷರ ಹಳೇ ಪದ್ಧತಿಯಲ್ಲಿ ಹೆಂಗಸರಿಗೆ ಗುರಾಣಿಯೇ ಇಲ್ಲ. ಯುದ್ಧಕ್ಕೆ ಹೋಗಲ್ವಲ್ಲ, ಅದಕ್ಕೆ ವಜ್ರದಾಕಾರದ ಚೌಕ ಸಾಕು ಅಂತ. ಆ ಲೆಕ್ಕಕ್ಕೆ ನಮ್ಮ ಅಕೌಂಟಿಂಗ್ ವೀರನಿಗೂ ಚೌಕವೇ ಸಿಗಬೇಕು. ಇವನು ಕಂಡ ಯುದ್ಧ ಅಂದರೆ ಒಂದಿಡೀ ಸೆಮಿಸ್ಟರ್ ಪ್ಲೆಡ್ಜ್ ಆಗಿ, ಅಂದರೆ ಸಂಘಕ್ಕೆ ಸೇರೋಕೆ ಕಾದಿರುವ ಹೊಸಬನಾಗಿ, ಸೀನಿಯರ್‌ಗಳ ಮನೆ ಗುಡಿಸಿದ್ದು, ಪಾರ್ಟಿ ಮುಗಿದ ಮೇಲೆ ಅಂಟು ನೆಲ ತಿಕ್ಕಿದ್ದು. ಇಲ್ಲಿ ಉಂಡ ತಟ್ಟೆ ಎತ್ತಿದವನಲ್ಲ.

ಹೆಲ್ಮೆಟ್ ಇಲ್ಲದೆ, ಮುಖ ಪೂರ್ತಿ ಕಾಣುವ ಹಾಗೆ ಕೂತು ಬೋಂಡಾ ತಿನ್ನುತ್ತಿದ್ದ. ಗುರುತು ಹಿಡಿಯೋಕೆ ಯಾರಿಗೂ ಕಷ್ಟ ಆಗಲಿಲ್ಲ.

ಮಾರನೇ ದಿನ ಅಕ್ಕ ಆ ಸ್ವೆಟ್‌ಶರ್ಟನ್ನು ಭಾವನ ಪಂಚೆ ಜೊತೆ ನೆನೆಹಾಕಿದಳು. ರಾಜವಂಶ ಬಣ್ಣ ಬಿಟ್ಟಿತು. ಈಗ ಪಂಚೆಯ ಅರ್ಧ ಭಾಗ ಗ್ಯೂಲ್ಸ್. ಭಾವ ಅದನ್ನೇ ಉಟ್ಟುಕೊಂಡು ಹಾಲು ತರೋಕೆ ಹೋದರು, ಒಂದು ದಿನವೂ ಪ್ಲೆಡ್ಜ್ ಆಗದೆ.